ಅಂತರಂಗದ ರೇಖೆಗಳು

ಮೊದಲನೆಯ ಮಹಾಯುದ್ಧವು ಕೊನೆಗೊಂಡ 1918-19ರ ಕಾಲದಲ್ಲಿ, ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಕಾರ್ಲ್ ಯೂಂಗರು, ಅಲ್ಲಿ ಇರಿಸಲ್ಪಟ್ಟಿದ್ದ ಬ್ರಿಟಿಷ್ ಯುದ್ಧಬಂದಿಗಳ ಮೇಲ್ವಿಚಾರಣೆಯನ್ನು ವಹಿಸಿಕೊಂಡಿದ್ದಾಗ, ಪ್ರತಿದಿನ ಪ್ರಾತಃಕಾಲದಲ್ಲಿ ಪುಟ್ಟ ಪುಸ್ತಕವೊಂದರಲ್ಲಿ ವೃತ್ತಾಕಾರದ ಚಿತ್ರವನ್ನು ಬರೆಯುವ ಅಭ್ಯಾಸವನ್ನಿಟ್ಟುಕೊಂಡಿದ್ದರು. ತಮ್ಮ ಅಂದಂದಿನ ಚಿತ್ತಸ್ಥಿತಿಯೇ ಆ ರೇಖೆಗಳಲ್ಲಿ ಮೂಡುವುದೆಂದು ಅವರಿಗೆ ತೋರಿತು. ಒಮ್ಮೆ ಪರಿಚಿತ ಮಹಿಳೆಯೊಬ್ಬರ ಪತ್ರವನ್ನೋದಿ ಅವರ ಮನಸ್ಸು ಕದಡಿತು. ಮರುದಿನದ ಚಿತ್ರದಲ್ಲಿ ವೃತ್ತದ ಅಂಚು ಒಡೆದು, ಅದರ ಸಮತೆಯೇ ಕೆಟ್ಟುಹೋಗಿತ್ತು!

ಕೋಪ ಬಂದಿದೆಯೆಂಬುದು ನಮಗೆ ತಿಳಿದೀತೇ ಹೊರತು, ಅದರ ಅಡಿಯಲ್ಲಿರುವುದು ಭಯವೋ ಅವಮಾನವೋ ಎಂಬುದು ಅಷ್ಟು ಸುಲಭವಾಗಿ ತಿಳಿಯದು. ಅಂತಹ ವೇಳೆಯಲ್ಲಿ ಕಾಗದದ ಮೇಲೊಂದು ವೃತ್ತವನ್ನೆಳೆದು, ಕೈ ಹೋದತ್ತ ಪೆನ್ಸಿಲನ್ನು ಬಿಟ್ಟು, ಬಳಿಕ ಅದನ್ನು ತುಸು ದೂರವಿಟ್ಟು ನೋಡಿದರೆ, ಎಲ್ಲಿ ರೇಖೆ ಒತ್ತಿ ಬಂದಿದೆ, ಎಲ್ಲಿ ಜಾಗ ಬರಿದಾಗಿ ಉಳಿದಿದೆ ಎಂಬ ಪ್ರಶ್ನೆಗಳು ತಾವಾಗಿಯೇ ಹುಟ್ಟುವುವು. ಚಿತ್ರವು ಸುಂದರವಾಗಿರಬೇಕೆಂಬ ಹಟವೇ ಇಲ್ಲಿ ದೊಡ್ಡ ವಿಘ್ನ. ಕಪ್ಪೆಂದರೆ ದುಃಖ, ಕೆಂಪೆಂದರೆ ಕ್ರೋಧ ಎಂದು ನಿಘಂಟು ಬರೆದಂತೆ ಅರ್ಥ ಹೇಳುವವರನ್ನು ನಾನಂತೂ ನಂಬಲಾರೆ. ಅರ್ಥವನ್ನು ಹೇಳಬೇಕಾದವರು ಬರೆದವರೇ.

ಇಂಗ್ಲೆಂಡಿನ ಚಿತ್ರಕಾರ ಆಡ್ರಿಯನ್ ಹಿಲ್ಲರು 1938ರಲ್ಲಿ ಕ್ಷಯದಿಂದ ಹಾಸಿಗೆ ಹಿಡಿದಾಗ ಚಿತ್ರಲೇಖನದಿಂದ ಸಮಾಧಾನವನ್ನು ಕಂಡುಕೊಂಡು, ಮುಂದೆ ಇತರ ರೋಗಿಗಳಿಗೂ ಅದನ್ನು ಕಲಿಸಿದರು. ಆದರೆ ನಿದ್ರೆ ಊಟಗಳನ್ನೇ ಕೆಡಿಸುವಷ್ಟು ತೀವ್ರವಾದ ವ್ಯಥೆಗೆ ಪೆನ್ಸಿಲೊಂದೇ ಸಾಲದು; ವೈದ್ಯರನ್ನು ಕಾಣುವಾಗ ಆ ಚಿತ್ರಗಳನ್ನೂ ಕೊಂಡೊಯ್ಯಬಹುದು.