ನೆತ್ತಿಯ ಮೇಲೊಂದು ರೇಡಿಯೋ ಗೆಲಾಕ್ಸಿ

ಮ್ಯಾನ್‌ಹಟನ್, ಜೆರ್ಸಿ ಸಿಟಿ, ಹೊಬೋಕೆನ್, ನೆವಾರ್ಕ್ ಎಲ್ಲವೂ ಹೆಚ್ಚುಕಡಿಮೆ 40.7 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಸಿಗ್ನಸ್ ಎ ಎಂಬ ಗೆಲಾಕ್ಸಿ ಕೂಡ ಆಕಾಶದ ಸಮಭಾಜಕ ವೃತ್ತದಿಂದ ಉತ್ತರಕ್ಕೆ ಹೆಚ್ಚುಕಡಿಮೆ ಅಷ್ಟೇ ಡಿಗ್ರಿಯಲ್ಲಿದೆ. ಇದರ ಅರ್ಥ ಇಷ್ಟೇ: ನಾವು ಕ್ಲಾಸಿಗೆ ಓಡುತ್ತಿರಲಿ, ಪಾತ್ ರೈಲಿಗೆ ಕಾಯುತ್ತಿರಲಿ, ದಿನಕ್ಕೊಂದು ಸಲ ಆ ಗೆಲಾಕ್ಸಿ ಸರಿಯಾಗಿ ನಮ್ಮ ನೆತ್ತಿಯ ಮೇಲೆ ಹಾದುಹೋಗುತ್ತದೆ. ಬರಿಗಣ್ಣಿಗೆ ಅದು ಕಾಣುವುದಿಲ್ಲ. ದೊಡ್ಡ ದೂರದರ್ಶಕದಲ್ಲೂ ಒಂದು ಮಸುಕು ಚುಕ್ಕೆ ಅಷ್ಟೆ. ಆದರೆ ನಮ್ಮ ಕಣ್ಣು ರೇಡಿಯೋ ಅಲೆಗಳನ್ನು ನೋಡುವಂತಿದ್ದರೆ, ಇಡೀ ಆಕಾಶದಲ್ಲಿ ಅತ್ಯಂತ ಪ್ರಖರವಾಗಿ ಹೊಳೆಯುವ ಬೆರಳೆಣಿಕೆಯ ವಸ್ತುಗಳಲ್ಲಿ ಅದೂ ಒಂದಾಗಿರುತ್ತಿತ್ತು.

ಬೆಂಗಳೂರಿನಲ್ಲಿ ಎಲೆಕ್ಟ್ರಾನಿಕ್ಸ್ ಓದುವಾಗ ನನಗೆ 'ನಾಯ್ಸ್' ಅಂದ್ರೆ ಒಂದೇ ಅರ್ಥ: ಫಿಲ್ಟರ್ ಹಾಕಿ ತೆಗೆದು ಬಿಸಾಡಬೇಕಾದ್ದು. ಲ್ಯಾಬ್ ಪರೀಕ್ಷೆಯಲ್ಲಿ ಅದಕ್ಕೇ ಮಾರ್ಕ್ಸ್. ಸಿಗ್ನಸ್ ಎ ಬಗ್ಗೆ ಓದಲು ಶುರು ಮಾಡಿದ ಮೇಲೆ ಆ ನಂಬಿಕೆ ಸ್ವಲ್ಪ ಅಲ್ಲಾಡಿತು. ಈ ಕತೆ ಶುರುವಾಗುವುದೂ ನಮ್ಮ ನ್ಯೂಜೆರ್ಸಿಯಲ್ಲೇ.

ಹೋಮ್‌ಡೆಲ್‌ನ ಹೊಲದಲ್ಲಿ

'ಸೆವೆರೆನ್ಸ್' ಧಾರಾವಾಹಿ ನೋಡಿದವರಿಗೆ ಆ ಬೃಹತ್ ಗಾಜಿನ ಕಚೇರಿ ನೆನಪಿರಬಹುದು. ಅದು ಹೋಮ್‌ಡೆಲ್‌ನ ಬೆಲ್ ವರ್ಕ್ಸ್, ಹಿಂದೆ ಬೆಲ್ ಲ್ಯಾಬ್ಸ್ ಆಗಿದ್ದ ಕಟ್ಟಡ. ಕಟ್ಟಡ ಬರುವುದಕ್ಕೂ ಎಷ್ಟೋ ಮೊದಲು, 1930ರ ಆಸುಪಾಸಿನಲ್ಲಿ, ಅಲ್ಲಿನ ಬಯಲಿನಲ್ಲಿ ಕಾರ್ಲ್ ಜಾನ್ಸ್ಕಿ ಎಂಬ ಇಪ್ಪತ್ತೈದರ ಹರೆಯದ ಎಂಜಿನಿಯರ್ ಒಂದು ಆಂಟೆನಾ ಕಟ್ಟಿದ. ಸುಮಾರು 30 ಮೀಟರ್ ಉದ್ದದ ಕಂಬಿಗಳ ಚೌಕಟ್ಟು, ಕೆಳಗೆ ಫೋರ್ಡ್ ಮಾಡೆಲ್ ಟಿ ಕಾರಿನ ಚಕ್ರಗಳು. 20 ನಿಮಿಷಕ್ಕೊಂದು ಸುತ್ತು ತಿರುಗುತ್ತಿದ್ದ ಅದಕ್ಕೆ ಜನ 'ಜಾನ್ಸ್ಕಿಯ ರಾಟೆತೊಟ್ಟಿಲು' ಎಂಬರ್ಥದ ಹೆಸರಿಟ್ಟರು.

ಅವನಿಗೆ ವಹಿಸಿದ್ದ ಕೆಲಸವೇ ನಾಯ್ಸ್ ಪಟ್ಟಿ ಮಾಡುವುದು. ಅಟ್ಲಾಂಟಿಕ್ ದಾಟಿ ಹೋಗುವ ರೇಡಿಯೋ ಫೋನ್ ಕರೆಗಳಲ್ಲಿ ಗರಗರ ಸದ್ದು ಎಲ್ಲಿಂದ ಬರುತ್ತದೆ ಎಂದು ಕಂಡುಹಿಡಿಯಬೇಕಿತ್ತು. ಹತ್ತಿರದ ಗುಡುಗು, ದೂರದ ಗುಡುಗು ಇವೆರಡೂ ಗುರುತಿಗೆ ಸಿಕ್ಕವು. ಮೂರನೆಯದೊಂದು ಉಳಿಯಿತು, ಎಡೆಬಿಡದ ಸಣ್ಣ 'ಹಿಸ್' ಸದ್ದು. ಮೊದಲು ಸೂರ್ಯನಿಂದ ಇರಬೇಕು ಅಂದುಕೊಂಡ. ತಿಂಗಳುಗಟ್ಟಲೆ ಅಳೆದಾಗ ಆ ಸದ್ದು ಮರುಕಳಿಸುವುದು 24 ಗಂಟೆಗಲ್ಲ, 23 ಗಂಟೆ 56 ನಿಮಿಷಕ್ಕೆ ಎಂದು ತಿಳಿಯಿತು. ನಕ್ಷತ್ರಗಳು ಮತ್ತೆ ಅದೇ ಜಾಗಕ್ಕೆ ಬರುವ ಅವಧಿ ಅದು. ಮೂಲ ಸೌರವ್ಯೂಹದ ಆಚೆಗಿದೆ, ಧನು ರಾಶಿಯ ಕಡೆ, ನಮ್ಮ ಕ್ಷೀರಪಥದ ಕೇಂದ್ರದ ದಿಕ್ಕಿನಲ್ಲಿ! 1933ರ ಮೇ 5ರಂದು ನ್ಯೂಯಾರ್ಕ್ ಟೈಮ್ಸ್ ಇದನ್ನು ಮುಖಪುಟದಲ್ಲಿ ಅಚ್ಚುಹಾಕಿತು.

ಫೋನಿಗೆ ಬೇಕಿದ್ದ ಉತ್ತರ ಸಿಕ್ಕಿತ್ತು, ಜಾನ್ಸ್ಕಿಗೆ ಬೇರೆ ಕೆಲಸ ಬಂತು. 1950ರಲ್ಲಿ, 44ನೇ ವಯಸ್ಸಿಗೇ ತೀರಿಕೊಂಡ. ಇವತ್ತು ಆಕಾಶದಿಂದ ಬರುವ ರೇಡಿಯೋ ಅಲೆಯ ಬಲವನ್ನು ಅಳೆಯುವ ಮಾನಕ್ಕೆ ಅವನದೇ ಹೆಸರು. ಒಂದು ಜಾನ್ಸ್ಕಿ ಎಷ್ಟು ಚಿಕ್ಕದು ಅಂತ ಲೆಕ್ಕ ಹಾಕಿ ನೋಡಿದೆ: ಚಂದ್ರನ ಮೇಲೆ 1 ವ್ಯಾಟಿನ ಒಂದು ಫೋನಿಟ್ಟು, ಅದರ ಶಕ್ತಿ 5 ಮೆಗಾಹರ್ಟ್ಸ್ ಅಗಲಕ್ಕೆ ಹರಡಿದರೆ, ನಮಗೆ ತಲುಪುವುದು ಸುಮಾರು 10 ಜಾನ್ಸ್ಕಿ. ಸಿಗ್ನಸ್ ಎ ಮಾತ್ರ ಎಫ್‌ಎಂ ರೇಡಿಯೋದ ಆಸುಪಾಸಿನ ತರಂಗಗಳಲ್ಲಿ ಸಾವಿರಾರು ಜಾನ್ಸ್ಕಿ ಕೊಡುತ್ತದೆ, ಅದೂ ಸುಮಾರು 75 ಕೋಟಿ ಜ್ಯೋತಿರ್ವರ್ಷ ದೂರದಿಂದ.

ಒಂದು ಅಂದುಕೊಂಡರೆ ಎರಡು

ಜಾನ್ಸ್ಕಿ ಕೇಳಿದ್ದು ನಮ್ಮದೇ ಕ್ಷೀರಪಥವನ್ನು. ಅವನ ವರದಿ ಓದಿದ ಗ್ರೋಟ್ ರೀಬರ್ ಎಂಬ ಇನ್ನೊಬ್ಬ ಎಂಜಿನಿಯರ್ 1937ರಲ್ಲಿ ಇಲಿನಾಯ್‌ನ ತನ್ನ ಮನೆಯ ಹಿತ್ತಿಲಲ್ಲೇ 9 ಮೀಟರಿಗೂ ಅಗಲದ ಡಿಶ್ ಕಟ್ಟಿ ಆಕಾಶದ ನಕ್ಷೆ ಬರೆದ. ಅದರಲ್ಲಿ ರಾಜಹಂಸ ನಕ್ಷತ್ರಪುಂಜದ ಕಡೆ ಒಂದು ದಿಬ್ಬ ಕಂಡಿತು. ನಂತರದ ವರ್ಷಗಳಲ್ಲಿ ಇಂಗ್ಲೆಂಡ್ ಮತ್ತು ಆಸ್ಟ್ರೇಲಿಯಾದವರು ಅಲ್ಲಿ ತೀರಾ ಪುಟ್ಟದಾದ, ತುಂಬಾ ಬಲವಾದ ಮೂಲವೊಂದಿದೆ ಎಂದು ತೋರಿಸಿದರು. ಅದೇ ಸಿಗ್ನಸ್ ಎ.

ಅದರ ಆಕಾರ ಮೊದಲು ಗೊತ್ತಾಗಿದ್ದು 1953ರಲ್ಲಿ. ಕಂಡುಹಿಡಿದ ಇಬ್ಬರಲ್ಲಿ ಒಬ್ಬರು ನಮ್ಮ ಹಾಗೇ ಓದಲು ದೇಶ ಬಿಟ್ಟು ಹೋಗಿದ್ದವರು: ಮೃಣಾಲ್ ಕುಮಾರ್ ದಾಸ್‌ಗುಪ್ತ. ಇಂಗ್ಲೆಂಡಿನ ಜೊಡ್ರೆಲ್ ಬ್ಯಾಂಕ್‌ನಲ್ಲಿ ರೋಜರ್ ಜೆನಿಸನ್ ಜೊತೆ ಸೇರಿ ಅವರು ಎರಡು ಆಂಟೆನಾಗಳನ್ನು ದೂರ ದೂರ ಇಟ್ಟು ಎರಡರ ಸಂಕೇತಗಳನ್ನೂ ಹೋಲಿಸಿದರು. ಆಂಟೆನಾಗಳ ನಡುವಿನ ಅಂತರ ಹೆಚ್ಚಿದಷ್ಟೂ ಸಣ್ಣ ವಿವರ ಕಾಣುತ್ತದೆ, ಇಂಟರ್‌ಫೆರೋಮೀಟರಿನ ಗುಟ್ಟೇ ಅದು. ಒಂದು ಮುದ್ದೆ ಸಿಗುತ್ತದೆ ಅಂದುಕೊಂಡಿದ್ದವರಿಗೆ ಸಿಕ್ಕಿದ್ದು ಎರಡು, ನಡುವೆ ಖಾಲಿ ಜಾಗ!

ಮರುವರ್ಷ ವಾಲ್ಟರ್ ಬಾಡೆ ಮತ್ತು ರುಡಾಲ್ಫ್ ಮಿಂಕೋವ್ಸ್ಕಿ ಕ್ಯಾಲಿಫೋರ್ನಿಯಾದ ಪಾಲೊಮಾರ್ ದೂರದರ್ಶಕದ ಚಿತ್ರದಿಂದ ಆ ಜಾಗದ ಗೆಲಾಕ್ಸಿಯನ್ನು ಗುರುತಿಸಿದರು. ಬಾಡೆ ಇದು ಎರಡು ಗೆಲಾಕ್ಸಿಗಳ ಡಿಕ್ಕಿ ಎಂದು ಹೇಳಿ ಮಿಂಕೋವ್ಸ್ಕಿ ಜೊತೆ ಒಂದು ಬಾಟಲಿ ವಿಸ್ಕಿಗೆ ಪಂಥ ಕಟ್ಟಿದ, ಗೆದ್ದ ಕೂಡ. ತಮಾಷೆ ಅಂದ್ರೆ, ಅವನ ವಿವರಣೆ ಆಮೇಲೆ ತಪ್ಪು ಅಂತಾಯಿತು. ಡಿಕ್ಕಿಯಿಂದ ಇಷ್ಟು ರೇಡಿಯೋ ಶಕ್ತಿ ಹುಟ್ಟುವುದಿಲ್ಲ. ಸೂರ್ಯ ಒಟ್ಟಾರೆ ಹೊರಸೂಸುವ ಶಕ್ತಿಯ ಹತ್ತು ಸಾವಿರ ಕೋಟಿ ಪಟ್ಟಿಗೂ ಹೆಚ್ಚನ್ನು ಈ ಗೆಲಾಕ್ಸಿ ಬರೀ ರೇಡಿಯೋ ಅಲೆಗಳಲ್ಲೇ ಸುರಿಯುತ್ತಿದೆ.

ಒಳಗಿನ ರಚನೆ

ರೇಡಿಯೋ ಗೆಲಾಕ್ಸಿಯ ನಾಲ್ಕು ಭಾಗ ಗೊತ್ತಾದರೆ ಯಾವ ಚಿತ್ರವನ್ನಾದರೂ ಓದಬಹುದು.

ಮೊದಲನೆಯದು ನಡುವಿನ ತಿರುಳು. ಅಲ್ಲೊಂದು ಬೃಹತ್ ಕಪ್ಪುಕುಳಿ. ಸಿಗ್ನಸ್ ಎ ಕಪ್ಪುಕುಳಿಯ ರಾಶಿ ಸುಮಾರು 250 ಕೋಟಿ ಸೂರ್ಯರಷ್ಟು. ಅದರ ಸುತ್ತ ಅನಿಲ ತಟ್ಟೆಯಂತೆ ಸುತ್ತುತ್ತಾ ಒಳಕ್ಕೆ ಬೀಳುತ್ತದೆ.

ಎರಡನೆಯದು ಜೆಟ್. ಬೀಳುವ ಅನಿಲದಲ್ಲಿ ಒಂದಿಷ್ಟು ಒಳಗೆ ಹೋಗದೆ, ಕಾಂತಕ್ಷೇತ್ರದ ಹಿಡಿತಕ್ಕೆ ಸಿಕ್ಕಿ, ಎರಡು ಎದುರು ದಿಕ್ಕಿಗೆ ಬೆಳಕಿನ ವೇಗದ ಹತ್ತಿರ ಚಿಮ್ಮುತ್ತದೆ. ಎರಡೂ ಜೆಟ್ ಸಮಾನವಿದ್ದರೂ ಚಿತ್ರದಲ್ಲಿ ಒಂದೇ ಎದ್ದು ಕಾಣುವುದುಂಟು. ನಮ್ಮ ಕಡೆಗೆ ಬರುವ ಜೆಟ್‌ನ ಹೊಳಪು ಹೆಚ್ಚಿದಂತೆಯೂ ದೂರ ಹೋಗುವುದರದು ತಗ್ಗಿದಂತೆಯೂ ಕಾಣುತ್ತದೆ. ಸಿಗ್ನಸ್ ಎಯಲ್ಲಿ ಪಶ್ಚಿಮದ ಜೆಟ್ ನಿಚ್ಚಳ, ಪೂರ್ವದ್ದು ಮಸುಕು.

ಮೂರನೆಯದು ಹಾಟ್‌ಸ್ಪಾಟ್. ಫೋನಿನ ಹಾಟ್‌ಸ್ಪಾಟ್ ಅಲ್ಲ ಮಾರಾಯ್ರೇ! ಜೆಟ್ ಕೊನೆಗೆ ಹೊರಗಿನ ಅನಿಲಕ್ಕೆ ಢಿಕ್ಕಿ ಹೊಡೆದು ನಿಲ್ಲುವ ಜಾಗ ಇದು. ಚಿತ್ರದ ಎರಡೂ ತುದಿಯಲ್ಲಿ ಉರಿಯುವ ಚುಕ್ಕೆ.

ನಾಲ್ಕನೆಯದು ಲೋಬ್, ನಾವು ಹಾಲೆ ಅನ್ನೋಣ, ಕಿವಿಹಾಲೆ ಇದ್ದ ಹಾಗೆ. ತೋಟಕ್ಕೆ ನೀರು ಹಾಯಿಸುವ ಪೈಪನ್ನು ಮಣ್ಣಿನ ಗೋಡೆಗೆ ಹಿಡಿದರೆ ಏನಾಗುತ್ತದೆ? ನೀರು ಬಡಿದ ಜಾಗದಿಂದ ಹಿಂದಕ್ಕೆ ಚಿಮ್ಮಿ ಸುತ್ತ ಹರಡುತ್ತದೆ, ಗೋಡೆ ಸ್ವಲ್ಪ ಸ್ವಲ್ಪವೇ ಕರಗಿ ಹೊಂಡ ಮುಂದಕ್ಕೆ ಹೋಗುತ್ತದೆ. ಇಲ್ಲಿ ಪೈಪಿನ ನೀರು ಜೆಟ್, ಬಡಿಯುವ ಜಾಗ ಹಾಟ್‌ಸ್ಪಾಟ್, ಹಿಂದಕ್ಕೆ ಹರಡಿದ್ದು ಹಾಲೆ. ದಾಸ್‌ಗುಪ್ತ ಅವರಿಗೆ ಸಿಕ್ಕ ಎರಡು ಮುದ್ದೆಗಳು ಈ ಎರಡು ಹಾಲೆಗಳೇ. ತುದಿಯಿಂದ ತುದಿಗೆ 4 ಲಕ್ಷ ಜ್ಯೋತಿರ್ವರ್ಷಕ್ಕೂ ಹೆಚ್ಚು. ನಕ್ಷತ್ರಗಳಿರುವ ಗೆಲಾಕ್ಸಿ ಇವೆರಡರ ನಡುವೆ ಪುಟ್ಟದಾಗಿ ಕೂತಿದೆ.

ಎಲ್ಲ ರೇಡಿಯೋ ಗೆಲಾಕ್ಸಿಗಳೂ ಹೀಗಿರುವುದಿಲ್ಲ. ಕೆಲವದರಲ್ಲಿ ಜೆಟ್ ದುರ್ಬಲವಾಗಿದ್ದು ದಾರಿಯಲ್ಲೇ ಹೊಗೆಯಂತೆ ಕದಡಿಹೋಗುತ್ತದೆ, ತುದಿಯಲ್ಲಿ ಹಾಟ್‌ಸ್ಪಾಟ್ ಇರುವುದಿಲ್ಲ. 1974ರಲ್ಲಿ ಫ್ಯಾನರಾಫ್ ಮತ್ತು ರೈಲಿ ಎಂಬಿಬ್ಬರು ಈ ಎರಡು ಬಗೆಯನ್ನು ಬೇರ್ಪಡಿಸಿದರು. ಸಿಗ್ನಸ್ ಎ ಎರಡನೇ ಬಗೆ, ಅಂದರೆ ತುದಿ ಹೊಳೆಯುವ ಬಗೆ.

ಹಳೆಯದು ಎಲ್ಲಿದೆ?

ನನಗೆ ಅತ್ಯಂತ ಇಷ್ಟವಾದ ಭಾಗ ಇದು. ಹಾಲೆಯಲ್ಲಿ ತೀರಾ ಹಳೆಯ ದ್ರವ್ಯ ಎಲ್ಲಿರಬೇಕು? ಎಲ್ಲಕ್ಕಿಂತ ಮೊದಲು ಹೊರಟದ್ದು ಎಲ್ಲಕ್ಕಿಂತ ದೂರ ಇರಬೇಕು ಅಂತ ನಾನೂ ಅಂದುಕೊಂಡಿದ್ದೆ. ಆದರೆ ಪೈಪಿನ ಉದಾಹರಣೆ ನೆನಪಿಸಿಕೊಳ್ಳಿ. ಹೊಂಡ ಮುಂದೆ ಹೋಗುತ್ತಾ ಹಳೆಯ ನೀರನ್ನು ಹಿಂದೆ ಬಿಟ್ಟುಹೋಗುತ್ತದೆ. ಹಾಗಾಗಿ ತೀರಾ ಹೊಸದು ತುದಿಯ ಹಾಟ್‌ಸ್ಪಾಟ್ ಬಳಿ, ತೀರಾ ಹಳೆಯದು ಮನೆಯ ಹತ್ತಿರ, ಅಂದರೆ ಕೇಂದ್ರದ ಕಡೆ.

ಇದನ್ನು ಹೇಳುವುದು ಎಲೆಕ್ಟ್ರಾನುಗಳ ವಯಸ್ಸು. ಎಲೆಕ್ಟ್ರಾನುಗಳು ಕಾಂತಕ್ಷೇತ್ರದಲ್ಲಿ ಸುರುಳಿ ಸುತ್ತುತ್ತಾ ರೇಡಿಯೋ ಅಲೆ ಹೊರಡಿಸುತ್ತವೆ, ಹೊರಡಿಸುತ್ತಾ ದಣಿಯುತ್ತವೆ. ಹೆಚ್ಚು ಶಕ್ತಿಯವು ಬೇಗ ದಣಿಯುತ್ತವೆ. ಜಾತ್ರೆಯ ಮೆರವಣಿಗೆ ದೂರ ಹೋದ ಮೇಲೆ ನಾಗಸ್ವರ ಕೇಳಿಸುವುದಿಲ್ಲ, ಡೊಳ್ಳಿನ ಸದ್ದು ಮಾತ್ರ ಉಳಿಯುತ್ತದಲ್ಲ, ಕಾಲ ಕಳೆದ ಹಾಗೆ ಇಲ್ಲೂ ಹಾಗೇ: ಹೆಚ್ಚು ಕಂಪನದ ಅಲೆಗಳು ಮೊದಲು ಮಾಯವಾಗಿ, ಕಡಿಮೆ ಕಂಪನದವು ಉಳಿಯುತ್ತವೆ. ಸಿಗ್ನಸ್ ಎಯನ್ನು ಹೆಚ್ಚು ಕಂಪನದಲ್ಲಿ ನೋಡಿದರೆ ತುದಿಗಳು ಮಾತ್ರ ಹೊಳೆಯುತ್ತವೆ. ಕಡಿಮೆ ಕಂಪನದಲ್ಲಿ ನೋಡಿದರೆ ನಡುವಿನ ಸೇತುವೆಯೂ ತುಂಬಿಕೊಳ್ಳುತ್ತದೆ. ಎರಡೂ ಚಿತ್ರ ಹೋಲಿಸಿ ಜೆಟ್ ಶುರುವಾಗಿ ಎಷ್ಟು ಕಾಲವಾಯಿತು ಎಂದು ಅಂದಾಜು ಮಾಡುತ್ತಾರೆ. ಇಲ್ಲಿ ಅದು ಕೋಟಿ ವರ್ಷದ ಆಜುಬಾಜು.

ಅದಕ್ಕೇ ಉದ್ದ ಅಲೆಗಳನ್ನು ಕೇಳುವ ದೂರದರ್ಶಕಗಳು ಬೇಕು. ಬೆಂಗಳೂರಿನಿಂದ ಉತ್ತರಕ್ಕೆ ಗೌರಿಬಿದನೂರಿನ ಬಳಿ 1970ರ ದಶಕದಲ್ಲಿ ರಾಮನ್ ಸಂಶೋಧನಾ ಸಂಸ್ಥೆ ಮತ್ತು ಭಾರತೀಯ ಖಭೌತ ಸಂಸ್ಥೆ ಸೇರಿ ಕಟ್ಟಿದ್ದು ಅಂಥದ್ದೇ. ಡಿಶ್ ಇಲ್ಲ, ಇಂಗ್ಲಿಷಿನ 'ಟಿ' ಅಕ್ಷರದ ಆಕಾರದಲ್ಲಿ ನೆಟ್ಟ ಸಾವಿರ ಡೈಪೋಲ್ ಆಂಟೆನಾಗಳು, ಒಂದು ತೋಳು 1.4 ಕಿ.ಮೀ. ಹತ್ತಿರ. 34.5 ಮೆಗಾಹರ್ಟ್ಸ್‌ನಲ್ಲಿ ಅಲ್ಲಿಂದ ಅಳೆದ ಆಕಾಶದ ನಕ್ಷೆಯನ್ನು ದ್ವಾರಕಾನಾಥ್ ಮತ್ತು ಉದಯ ಶಂಕರ್ 1990ರಲ್ಲಿ ಪ್ರಕಟಿಸಿದರು. ಸಿಗ್ನಸ್ ಎಯ ಹಾಲೆಗಳನ್ನು ಬಿಡಿಸಿ ನೋಡುವಷ್ಟು ಸೂಕ್ಷ್ಮ ಅದಕ್ಕಿರಲಿಲ್ಲ. ಅಂಥ ಸೂಕ್ಷ್ಮಕ್ಕೆ ಪುಣೆ ಬಳಿಯ ಜಿಎಂಆರ್‌ಟಿ ಇದೆ: 45 ಮೀಟರ್ ಅಗಲದ 30 ಡಿಶ್‌ಗಳು, 25 ಕಿ.ಮೀ. ಹರಹಿನಲ್ಲಿ.

2024ರಲ್ಲಿ ಸುದ್ದಿಯಾದ 'ಪೋರ್ಫಿರಿಯಾನ್' ನೆನಪಿದೆಯಾ? ಯೂರೋಪಿನ ಲೋಫಾರ್ ಎಂಬ ಉದ್ದ ಅಲೆಯ ಆಂಟೆನಾ ಜಾಲ ಅದರ ಜೆಟ್‌ಗಳನ್ನು ಕಂಡಿತು. ಅವು ಯಾವ ಗೆಲಾಕ್ಸಿಯಿಂದ ಹೊರಟವು ಎಂದು ಗುರುತಿಸಲು ನಮ್ಮ ಜಿಎಂಆರ್‌ಟಿಯೂ ಬೇಕಾಯಿತು. ತುದಿಯಿಂದ ತುದಿಗೆ 2.3 ಕೋಟಿ ಜ್ಯೋತಿರ್ವರ್ಷ. ನಮ್ಮ ಕ್ಷೀರಪಥದಂಥ ನೂರಕ್ಕೂ ಹೆಚ್ಚು ಗೆಲಾಕ್ಸಿಗಳನ್ನು ಸಾಲಾಗಿ ಇಟ್ಟಷ್ಟು ಉದ್ದ! ವಿಶ್ವಕ್ಕೆ ಸುಮಾರು 630 ಕೋಟಿ ವರ್ಷ ವಯಸ್ಸಾಗಿದ್ದಾಗ ಅಲ್ಲಿಂದ ಹೊರಟ ಅಲೆಗಳು ಈಗ ನಮಗೆ ತಲುಪುತ್ತಿವೆ.

ಇದರಿಂದ ಏನಾಗಬೇಕು ಅಂತ ಕೇಳಬಹುದು. ಗೆಲಾಕ್ಸಿಗಳ ಸುತ್ತಲಿನ ಬಿಸಿ ಅನಿಲ ತಣಿದು ಒಳಕ್ಕೆ ಬಿದ್ದರೆ ಹೊಸ ನಕ್ಷತ್ರಗಳು ಹುಟ್ಟುತ್ತವೆ. ಜೆಟ್‌ಗಳು ಆ ಅನಿಲವನ್ನು ತಳ್ಳಿ ಕಾಯಿಸಿ ತಣಿಯದಂತೆ ತಡೆಯುತ್ತವೆ. ಸಿಗ್ನಸ್ ಎ ಸುತ್ತ ಹೀಗೆ ತಳ್ಳಿದ ಗುರುತುಗಳನ್ನು ಚಂದ್ರಾ ಎಕ್ಸ್‌ರೇ ದೂರದರ್ಶಕ ಚಿತ್ರಿಸಿದೆ. ಒಂದು ಗೆಲಾಕ್ಸಿ ಎಷ್ಟು ಬೆಳೆಯಬೇಕು ಎಂಬುದರಲ್ಲಿ ಅದರ ನಡುವಿನ ಕಪ್ಪುಕುಳಿಗೂ ಪಾಲಿದೆ. ಇದೆಲ್ಲ ತಿಳಿದದ್ದು ಫೋನಿನಲ್ಲಿ ತೊಂದರೆ ಕೊಡುತ್ತಿದ್ದ ಒಂದು ಸದ್ದನ್ನು ಜಾನ್ಸ್ಕಿ 'ಮೂಲ ಗೊತ್ತಿಲ್ಲ' ಎಂದು ಬರೆದು ಕೈಬಿಡದೆ ಇದ್ದದ್ದರಿಂದ. ನಾನೀಗ ಫಿಲ್ಟರ್ ಹಾಕುವ ಮೊದಲು ತೆಗೆದುಹಾಕುತ್ತಿರುವುದು ಏನು ಅಂತ ಒಂದು ಸಲ ಗ್ರಾಫ್ ನೋಡುತ್ತೇನೆ. ಬಹುತೇಕ ಸಲ ಅದು ಬರೀ ನಾಯ್ಸೇ!

ಗಣೇಶನ ಹಬ್ಬದ ಆಸುಪಾಸಿನಲ್ಲಿ, ಸೆಪ್ಟೆಂಬರ್ ನಡುವೆ, ರಾತ್ರಿ ಒಂಬತ್ತು ಹತ್ತರ ಹೊತ್ತಿಗೆ ಹೊರಗೆ ಬಂದು ನೇರ ಮೇಲೆ ನೋಡಿ. ಶಿಲುಬೆಯಂತೆ ಕಾಣುವ ನಕ್ಷತ್ರಗಳೇ ರಾಜಹಂಸ. ಶಿಲುಬೆಯ ಕಡ್ಡಿಗಳು ಸೇರುವ ಕಡೆಯ ನಕ್ಷತ್ರ ಸಾಡ್ರ್. ಕೈ ಚಾಚಿ ಎರಡು ಬೆರಳು ಹಿಡಿದರೆ ಎಷ್ಟು ಅಗಲವೋ ಸಾಡ್ರ್‌ನಿಂದ ಪಶ್ಚಿಮಕ್ಕೆ ಸುಮಾರು ಅಷ್ಟು ದೂರದಲ್ಲಿ ಸಿಗ್ನಸ್ ಎ ಇದೆ. ಏನೂ ಕಾಣುವುದಿಲ್ಲ, ಮೊದಲೇ ಹೇಳಿದ್ದೇನೆ. ಚೌತಿಯ ಚಂದ್ರನನ್ನು ನೋಡಬಾರದು ಅಂತ ಮನೆಯಲ್ಲಿ ಹೇಳಿ ಕಳಿಸಿದ್ದಾರೆ ನಿಜ, ಆದರೆ ಆ ಹೊತ್ತಿಗೆ ಅವನು ಪಶ್ಚಿಮಕ್ಕೆ ಇಳಿದಿರುತ್ತಾನೆ. ನೆತ್ತಿ ನೋಡಲು ಯಾರ ಅಡ್ಡಿಯೂ ಇಲ್ಲ.