ಹಳೇ ಕಾರು ಕೊಳ್ತೀರಾ? ಬಣ್ಣಕ್ಕೆ ಮರುಳಾಗಬೇಡಿ!

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಅನ್ನೋ ಗಾದೆಗೆ ಈಗ ‘ಹಳೇ ಕಾರು ಕೊಂಡು ನೋಡು’ ಅಂತಲೂ ಸೇರಿಸಬಹುದೇನೋ! ಮಕ್ಕಳನ್ನು ಟ್ಯೂಷನ್‌ಗೆ ಬಿಡಬೇಕು, ಅತ್ತೆ-ಮಾವನನ್ನು ಆಸ್ಪತ್ರೆಗೆ ಕರೆದೊಯ್ಯಬೇಕು, ಮಳೆಗಾಲದಲ್ಲಂತೂ ಸ್ಕೂಟರ್ ಸಹವಾಸವೇ ಸಾಕಪ್ಪಾ ಅನ್ನಿಸಿಬಿಡುತ್ತೆ. ಹೊಸ ಕಾರಿನ ಬೆಲೆ ಕೇಳಿದರೆ ಎದೆ ಝಲ್ಲೆನ್ನುತ್ತೆ. ಆಗ ನೆನಪಾಗೋದೇ ಸೆಕೆಂಡ್ ಹ್ಯಾಂಡ್ ಕಾರು. ಪಕ್ಕದ ಬೀದಿಯವರೋ, ಯಜಮಾನರ ಆಫೀಸಿನವರೋ ಮಾರ್ತಾರೆ ಅಂತ ಗೊತ್ತಾದರೆ ಮನಸ್ಸು ಅತ್ತ ವಾಲುತ್ತೆ.

ಮಾಲೀಕರಿಂದ ನೇರವಾಗಿ ಕೊಂಡರೆ ಮಧ್ಯವರ್ತಿಯ ಕಮಿಷನ್ ಉಳಿಯುತ್ತೆ, ನಿಜ. ಆದರೆ ವಾರಂಟಿ ಇರೋದಿಲ್ಲ. ನಾಳೆ ತೊಂದರೆಯಾದರೆ ಹೋಗಿ ಕೇಳೋಕೆ ಅಂಗಡಿಯೂ ಇರೋದಿಲ್ಲ. ಚೀಟಿ ಹಾಕಿ, ಮನೆ ಖರ್ಚಿನಲ್ಲಿ ಅಷ್ಟಿಷ್ಟು ಉಳಿಸಿ ಕೂಡಿಟ್ಟ ಹಣ ಒಂದೇ ದಿನದಲ್ಲಿ ಕೈದಾಟಿ ಹೋಗುತ್ತೆ. ಹಾಗಾಗಿ ‘ಕಾರಿನ ವಿಷಯ ಗಂಡಸರು ನೋಡ್ಕೋತಾರೆ ಬಿಡಿ’ ಅಂತ ಸುಮ್ಮನಿರಬೇಡಿ. ಸೀರೆಯ ಸೆರಗು, ಅಂಚು, ಒಳಮೈ ಎಲ್ಲಾ ತಿರುಗಿಸಿ ನೋಡದೆ ದುಡ್ಡು ಬಿಚ್ಚದವರು ನಾವು. ಅದೇ ಕಣ್ಣು ಇಲ್ಲೂ ಸಾಕು.

ಮೊದಲು ಕಾಗದ, ಆಮೇಲೆ ಕಾರು

ಕಾರು ನೋಡಲು ಹೋಗುವ ಮೊದಲೇ ಅದರ ನಂಬರ್ ಕೇಳಿ ತಗೊಳ್ಳಿ. ಕೇಂದ್ರ ಸರ್ಕಾರದ ಎಂ-ಪರಿವಾಹನ್ ಆ್ಯಪ್‌ನಲ್ಲಿ ಈ ನಂಬರ್ ಹಾಕಿದರೆ ಕಾರು ಯಾವ ವರ್ಷ ನೋಂದಣಿಯಾಗಿದೆ, ಯಾವ ಇಂಧನದ್ದು, ವಿಮೆ ಎಲ್ಲಿಯವರೆಗಿದೆ ಅನ್ನೋದು ತಿಳಿಯುತ್ತೆ. ಮಾರುವವರು ‘2017ರ ಮಾಡೆಲ್’ ಅಂದು, ದಾಖಲೆಯಲ್ಲಿ 2015 ಅಂತಿದ್ದರೆ ಅಲ್ಲಿಗೇ ಕೈಮುಗಿದುಬಿಡಿ.

ಆರ್‌ಸಿಯನ್ನು ಕೈಗೆತ್ತಿಕೊಂಡು ನಿಧಾನವಾಗಿ ಓದಿ. ಅದರಲ್ಲಿರುವ ಹೆಸರೂ ನಿಮ್ಮೆದುರು ಕೂತು ಮಾತಾಡುತ್ತಿರುವವರ ಹೆಸರೂ ಒಂದೇನಾ? ‘ಕಾರು ನಮ್ಮ ಭಾವನದ್ದು, ಅವರು ದುಬೈನಲ್ಲಿದ್ದಾರೆ’ ಅಂದರೆ ಭಾವನೇ ಬಂದು ಸಹಿ ಮಾಡಲಿ ಅನ್ನಿ. ಮಾಲೀಕರು ತೀರಿಕೊಂಡಿದ್ದರೆ ಮೊದಲು ವಾರಸುದಾರರ ಹೆಸರಿಗೆ ಆರ್‌ಸಿ ಆಗಬೇಕು, ನಂತರವೇ ನಿಮಗೆ. ಕಾರು ಎಷ್ಟನೇ ಓನರ್ ಕೈಯಲ್ಲಿದೆ, ಹಿಂದೆ ಟ್ಯಾಕ್ಸಿಯಾಗಿ ಓಡಿತ್ತಾ ಅನ್ನೋದನ್ನೂ ಕೇಳಿ.

ಸಾಲದಲ್ಲಿ ಕೊಂಡ ಕಾರಾದರೆ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿರುತ್ತೆ. ‘ಸಾಲ ಎಲ್ಲಾ ತೀರಿಸಿಬಿಟ್ಟಿದ್ದೀವಿ’ ಅನ್ನೋ ಬಾಯಿಮಾತು ಸಾಲದು. ಬ್ಯಾಂಕಿನ ನಿರಾಕ್ಷೇಪಣಾ ಪತ್ರ ಮತ್ತು ಬ್ಯಾಂಕ್ ಸಹಿ ಮಾಡಿದ ಫಾರಂ 35 ಎರಡೂ ಬೇಕು. ಇವಿಲ್ಲದೆ ಕಾರು ನಿಮ್ಮ ಹೆಸರಿಗೆ ಬರೋದು ಕಷ್ಟ.

ಕಾರಿನ ಮೇಲೆ ಬಾಕಿ ಇರುವ ಟ್ರಾಫಿಕ್ ದಂಡವನ್ನೂ ನೋಡಿಕೊಳ್ಳಿ. ಸಿಗ್ನಲ್ ಜಂಪ್ ಮಾಡಿದ್ದು ಅವರು, ದಂಡ ಕಟ್ಟೋದು ನೀವು ಅನ್ನುವಂತಾಗಬಾರದಲ್ಲ! ಪೊಲೀಸ್ ಇಲಾಖೆಯ ಜಾಲತಾಣದಲ್ಲಿ ನಂಬರ್ ಹಾಕಿದರೆ ಬಾಕಿ ಕಾಣುತ್ತೆ. ಅದನ್ನು ತೀರಿಸಿದ ಮೇಲೇ ವ್ಯಾಪಾರ ಅಂತ ಹೇಳಿ.

ಬೇರೆ ರಾಜ್ಯದ ಕಾರು ಅಗ್ಗವಾಗಿ ಸಿಗುತ್ತೆ ಅಂತ ಕೆಲವರು ಆಸೆಪಡುತ್ತಾರೆ. ಅದಕ್ಕೆ ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ ಬೇಕು. 12 ತಿಂಗಳಿಗಿಂತ ಹೆಚ್ಚು ಕಾಲ ಇಲ್ಲೇ ಇಟ್ಟುಕೊಂಡರೆ ಕರ್ನಾಟಕದ ನಂಬರ್ ಮಾಡಿಸಬೇಕು, ಇಲ್ಲಿನ ಜೀವಾವಧಿ ತೆರಿಗೆ ಕಟ್ಟಬೇಕು. ಈ ಲೆಕ್ಕ ಹಾಕಿದರೆ ಅಗ್ಗ ಅನ್ನೋದು ಎಷ್ಟೋ ಸಲ ಕರಗಿಹೋಗುತ್ತೆ. ಇಲ್ಲಿನದೇ ಆದರೂ 15 ವರ್ಷ ಹತ್ತಿರವಾಗಿದ್ದರೆ ಯೋಚಿಸಿ. ಆಮೇಲೆ ಎಫ್‌ಸಿ ಮಾಡಿಸಿ, 5 ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು. ಆ ಶುಲ್ಕವೂ 2022ರ ಏಪ್ರಿಲ್‌ನಿಂದ ಬಹಳ ಏರಿದೆ.

ಹಗಲು ಹೊತ್ತಲ್ಲೇ ನೋಡಿ

ಸಂಜೆ ಮಬ್ಬಿನಲ್ಲಿ, ಮಳೆಯಲ್ಲಿ, ಬೇಸ್‌ಮೆಂಟಿನ ಟ್ಯೂಬ್‌ಲೈಟ್ ಬೆಳಕಿನಲ್ಲಿ ಎಲ್ಲಾ ಕಾರೂ ಹೊಸದಾಗೇ ಕಾಣುತ್ತೆ. ಬೆಳಗಿನ ಬಿಸಿಲಲ್ಲಿ, ಒಣಗಿದ ಕಾರನ್ನು ನೋಡಿ. ಒಂದು ಬಾಗಿಲಿನ ಬಣ್ಣ ಇನ್ನೊಂದಕ್ಕಿಂತ ಸ್ವಲ್ಪ ಬೇರೆ ಅನ್ನಿಸಿದರೆ, ಬಾನೆಟ್ಟಿನ ಸಂದು ಒಂದು ಕಡೆ ಅಗಲ ಇನ್ನೊಂದು ಕಡೆ ಕಿರಿದಾಗಿದ್ದರೆ ಆ ಭಾಗಕ್ಕೆ ಪೆಟ್ಟು ಬಿದ್ದಿರಬಹುದು. ಚಿಕ್ಕಪುಟ್ಟ ಗೀರು ಬಿಡಿ, ನಮ್ಮ ಟ್ರಾಫಿಕ್‌ನಲ್ಲಿ ಅದು ಇದ್ದದ್ದೇ.

ನೀರಲ್ಲಿ ಮುಳುಗಿದ ಕಾರಿನ ಬಗ್ಗೆ ಮಾತ್ರ ಹುಷಾರಾಗಿರಿ. 2015ರ ಡಿಸೆಂಬರ್‌ನಲ್ಲಿ ಚೆನ್ನೈ, 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಬೆಳ್ಳಂದೂರು, ಯಮಲೂರು ಕಡೆಯ ಬಡಾವಣೆಗಳು ನೀರಲ್ಲಿ ನಿಂತದ್ದು ನೆನಪಿದೆಯಲ್ಲ? ಅಂಥ ಕಾರು ತೊಳೆದು ಪಾಲಿಶ್ ಮಾಡಿದರೆ ಫಳಫಳ ಅನ್ನುತ್ತೆ. ಆದರೆ ಒಳಗಿನ ವೈರಿಂಗ್ ತಿಂಗಳುಗಳ ಮೇಲೆ ಕೈಕೊಡಬಹುದು. ಕಂಡುಹಿಡಿಯೋಕೆ ನಮ್ಮ ಮೂಗೇ ಸಾಕು. ಗಾಜೆಲ್ಲಾ ಮುಚ್ಚಿಸಿ, ಎರಡು ನಿಮಿಷ ಒಳಗೆ ಕೂತು ನೋಡಿ. ಮಳೆಗಾಲದಲ್ಲಿ ಒಣಗದ ಬಟ್ಟೆಯ ಮುಗ್ಗಲು ವಾಸನೆ ಬರುತ್ತಾ? ಅಥವಾ ಅದನ್ನು ಮುಚ್ಚಲು ಸೆಂಟ್ ಘಮಘಮ ಅನ್ನುತ್ತಿದೆಯಾ? ಮ್ಯಾಟ್ ಕೆಳಗಿನ ಕಾರ್ಪೆಟ್ ಎತ್ತಿ ನೋಡಿ. ಡಿಕ್ಕಿಯಲ್ಲಿ ಸ್ಟೆಪ್ನಿ ತೆಗೆಸಿ, ಆ ಗುಂಡಿಯಲ್ಲಿ ಕೆಸರು ಅಥವಾ ತುಕ್ಕು ಇದೆಯಾ ನೋಡಿ. ಸೀಟ್ ಬೆಲ್ಟನ್ನು ಪೂರ್ತಿ ಎಳೆದು ನೋಡಿ, ತುದಿಯಲ್ಲಿ ನೀರಿನ ಕಲೆ ಇದ್ದರೆ ಕಥೆ ಗೊತ್ತಾಗಿಹೋಯಿತು.

ಟೈರಿನ ಬದಿಯಲ್ಲಿ ನಾಲ್ಕು ಅಂಕಿಯ ಒಂದು ಗುರುತಿರುತ್ತೆ. 2319 ಅಂತಿದ್ದರೆ 2019ರ 23ನೇ ವಾರ ತಯಾರಾದದ್ದು ಅಂತ ಅರ್ಥ. ಟೈರ್ ತುಂಬಾ ಹಳೆಯದಾಗಿದ್ದರೆ, ಒಂದೇ ಬದಿ ಸವೆದಿದ್ದರೆ ಹೊಸ ಟೈರಿನ ಖರ್ಚನ್ನು ಬೆಲೆಯಲ್ಲಿ ಇಳಿಸಲು ಹೇಳಿ.

ಮೀಟರ್ ನಂಬುವ ಮುನ್ನ

‘ಮೇಡಂ, ಬರೀ 30 ಸಾವಿರ ಕಿಲೋಮೀಟರ್ ಓಡಿದೆ, ಭಾನುವಾರ ದೇವಸ್ಥಾನಕ್ಕೆ ಮಾತ್ರ ತೆಗೀತಿದ್ವಿ’ ಅನ್ನೋ ಮಾತು ಕೇಳಿಬಂದರೆ ನಕ್ಕು ಸುಮ್ಮನಾಗಿ, ಬ್ರೇಕ್ ಮತ್ತು ಕ್ಲಚ್ ಪೆಡಲ್ ನೋಡಿ. ಪೆಡಲಿನ ರಬ್ಬರ್ ಸವೆದು ನುಣ್ಣಗಾಗಿದ್ದು, ಸ್ಟೀರಿಂಗ್ ಕೈಹಿಡಿದು ಹಿಡಿದು ಹೊಳೆಯುತ್ತಿದ್ದು, ಡ್ರೈವರ್ ಸೀಟ್ ಕುಸಿದಿದ್ದರೆ ಮೀಟರ್ ಸುಳ್ಳು ಹೇಳ್ತಿದೆ ಅಂತಲೇ ಅನುಮಾನಿಸಿ. ಮೀಟರನ್ನು ಹಿಂದಕ್ಕೆ ತಿರುಗಿಸೋದು ಕಷ್ಟದ ಕೆಲಸವೇನಲ್ಲ. ಸರ್ವಿಸ್ ಬಿಲ್‌ಗಳನ್ನು ಕೇಳಿ. ಪ್ರತಿ ಬಿಲ್‌ನಲ್ಲೂ ಅಂದಿನ ಕಿಲೋಮೀಟರ್ ಬರೆದಿರುತ್ತೆ. ಬಿಲ್ ಕಳೆದುಹೋಗಿದೆ ಅಂದರೆ, ಕಂಪೆನಿಯ ಸರ್ವಿಸ್ ಸೆಂಟರ್‌ಗೆ ಮಾಲೀಕರ ಜತೆಗೇ ಹೋಗಿ ಹಳೆಯ ದಾಖಲೆ ಕೇಳಿ ನೋಡಿ.

ನೀವು ಹೋಗುವ ಹೊತ್ತಿಗೆ ಎಂಜಿನ್ ತಣ್ಣಗಿರಬೇಕು. ‘ನಾವು ಬರೋವರೆಗೂ ಸ್ಟಾರ್ಟ್ ಮಾಡಬೇಡಿ’ ಅಂತ ಮೊದಲೇ ಹೇಳಿ, ಹೋದ ಕೂಡಲೇ ಬಾನೆಟ್ ಮುಟ್ಟಿ ನೋಡಿ. ಬಿಸಿ ಇದ್ದರೆ, ತಣ್ಣಗಿದ್ದಾಗ ಸ್ಟಾರ್ಟ್ ಆಗದ ಕಾಯಿಲೆಯನ್ನು ಮುಚ್ಚಿಟ್ಟಿರಬಹುದು. ಸ್ಟಾರ್ಟ್ ಆದ ಮೇಲೆ ಹಿಂದೆ ನಿಂತು ಹೊಗೆ ನೋಡಿ. ನೀಲಿ ಹೊಗೆ ಅಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ ಅಂತ. ಚಳಿಯ ಬೆಳಿಗ್ಗೆ ಸ್ವಲ್ಪ ಬಿಳಿ ಹಬೆ ಸಹಜ. ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ಬರುತ್ತಲೇ ಇದ್ದರೆ ದೊಡ್ಡ ಖರ್ಚು ಕಾದಿದೆ ಅಂತ ತಿಳಿಯಿರಿ.

ಓಡಿಸಿ ನೋಡುವಾಗ ರೇಡಿಯೊ ಬಂದ್ ಮಾಡಿ. ಹಂಪ್ ಮೇಲೆ ನಿಧಾನವಾಗಿ ಹತ್ತಿಸಿ, ಕಟಕಟ ಸದ್ದು ಬರುತ್ತಾ ಕೇಳಿ. ಖಾಲಿ ನೇರ ರಸ್ತೆಯಲ್ಲಿ ಕಾರು ಒಂದು ಪಕ್ಕಕ್ಕೆ ಎಳೆಯುತ್ತಾ ನೋಡಿ. ಎ.ಸಿ., ವೈಪರ್, ನಾಲ್ಕೂ ಕಿಟಕಿ ಗಾಜು, ಹಾರ್ನ್ ಎಲ್ಲವನ್ನೂ ಒಂದೊಂದಾಗಿ ಪರೀಕ್ಷಿಸಿ. ಇಷ್ಟೆಲ್ಲಾ ಒಪ್ಪಿಗೆಯಾದ ಮೇಲೆ ನಿಮ್ಮ ನಂಬಿಕೆಯ ಮೆಕ್ಯಾನಿಕ್‌ಗೆ ಒಮ್ಮೆ ತೋರಿಸಿ. ಮಾರುವವರು ಸೂಚಿಸಿದ ಮೆಕ್ಯಾನಿಕ್ ಬೇಡ. ಆತನಿಗೆ ಕೊಡುವ ಹಣ ದಂಡವಲ್ಲ. ಮೆಕ್ಯಾನಿಕ್‌ಗೆ ತೋರಿಸೋಕೇ ಒಪ್ಪದವರ ಕಾರು ನಿಮಗೆ ಬೇಡವೇ ಬೇಡ.

ಹೆಸರು ಬದಲಾಗದಿದ್ದರೆ...

ಅನೇಕರು ಎಡವುವುದು ಇಲ್ಲೇ. ದುಡ್ಡು ಕೊಟ್ಟು, ಕೀ ಇಸಕೊಂಡು, ಪೂಜೆ ಮಾಡಿಸಿ, ನಾಲ್ಕೂ ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಓಡಿಸಿಬಿಟ್ಟರೆ ಕಾರು ನಮ್ಮದಾಯಿತು ಅಂದ್ಕೋತಾರೆ. ಕಾನೂನು ಹಾಗನ್ನೋದಿಲ್ಲ. 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ಒಂದು ಪ್ರಕರಣ ಕೇಳಿ. ಒಬ್ಬರು 2007ರಲ್ಲಿ ತಮ್ಮ ಕಾರು ಮಾರಿದರು. ಅದು ಒಬ್ಬರಿಂದ ಇನ್ನೊಬ್ಬರಿಗೆ ಕೈಬದಲಾಗುತ್ತಾ ಹೋಯಿತು, ಆರ್‌ಸಿಯಲ್ಲಿ ಮಾತ್ರ ಹೆಸರು ಬದಲಾಗಲೇ ಇಲ್ಲ. 2009ರಲ್ಲಿ ಆ ಕಾರು ಅಪಘಾತ ಮಾಡಿ ಜೀವ ಹೋಯಿತು. ವಿಮೆಯೂ ಇರಲಿಲ್ಲ. ಪರಿಹಾರದ ಹೊಣೆ ಬಿದ್ದದ್ದು ಆರ್‌ಸಿಯಲ್ಲಿ ಹೆಸರಿದ್ದ ಮೊದಲ ಮಾಲೀಕರ ಮೇಲೆ! ಅಂದರೆ ನಿಮ್ಮ ಹಳೇ ಕಾರು ಮಾರುವಾಗಲೂ ಈ ಮಾತು ನೆನಪಿರಲಿ.

ಹೆಸರು ವರ್ಗಾವಣೆಗೆ ಫಾರಂ 29 ಮತ್ತು ಫಾರಂ 30ಕ್ಕೆ ಸಹಿ ಬೇಕು. ರಾಜ್ಯದೊಳಗಿನ ಮಾರಾಟವಾದರೆ ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು ಅನ್ನುತ್ತೆ ಕಾನೂನು. ‘ಸಹಿ ಹಾಕಿದ ಖಾಲಿ ಫಾರಂ ಕೊಟ್ಟಿದ್ದೀನಿ, ನಿಧಾನಕ್ಕೆ ಮಾಡಿಸ್ಕೊಳ್ಳಿ’ ಅಂದರೆ ಒಪ್ಪಬೇಡಿ. ಅರ್ಜಿ ಇಬ್ಬರೂ ಸೇರಿಯೇ ಹಾಕಿ, ಸ್ವೀಕೃತಿ ಇಟ್ಟುಕೊಳ್ಳಿ.

ವಿಮೆಯನ್ನೂ 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಹಾಕಬೇಕು. ಇಲ್ಲದಿದ್ದರೆ ನಿಮ್ಮ ಕಾರಿಗಾದ ಹಾನಿಗೆ ಪರಿಹಾರ ಸಿಗೋದು ಕಷ್ಟ. ಇನ್ನೊಂದು ವಿಷಯ, ಕ್ಲೇಮ್ ಮಾಡದ್ದಕ್ಕೆ ಸಿಗುವ ನೋ ಕ್ಲೇಮ್ ಬೋನಸ್ ಕಾರಿನ ಜತೆ ಬರೋದಿಲ್ಲ, ಅದು ಮಾರಿದವರದ್ದೇ. ಹಾಗಾಗಿ ನಿಮ್ಮ ಕಂತು ಅವರದಕ್ಕಿಂತ ಜಾಸ್ತಿ ಆಗಬಹುದು. ಆದರೆ ನೀವೂ ಹಳೇ ಕಾರು ಮಾರಿದ್ದರೆ ಅದರ ಬೋನಸ್ ಪತ್ರವನ್ನು ವಿಮಾ ಕಂಪೆನಿಯಿಂದ ಕೇಳಿ ಪಡೆದು ಹೊಸ ಪಾಲಿಸಿಗೆ ಬಳಸಬಹುದು.

ಹಣ ಕೊಡುವಾಗ

ಅಡ್ವಾನ್ಸ್ ಸ್ವಲ್ಪವೇ ಕೊಡಿ, ಅದಕ್ಕೂ ಬರಹದಲ್ಲಿ ರಸೀದಿ ಪಡೆಯಿರಿ. ಉಳಿದದ್ದನ್ನು ಬ್ಯಾಂಕ್ ಮೂಲಕವೇ ಆರ್‌ಸಿಯಲ್ಲಿ ಹೆಸರಿರುವವರ ಖಾತೆಗೆ ಹಾಕಿ. 2 ಲಕ್ಷ ರೂಪಾಯಿ ಅಥವಾ ಹೆಚ್ಚಿನ ಹಣವನ್ನು ನಗದಾಗಿ ಪಡೆಯುವುದನ್ನು 2017ರಿಂದ ಕಾನೂನು ನಿಷೇಧಿಸಿದೆ. ‘ನಾನು ಮಿಲಿಟರಿಯಲ್ಲಿದ್ದೀನಿ, ವರ್ಗವಾಗಿದೆ, ಹಣ ಹಾಕಿ, ಕಾರು ಕಳಿಸಿಕೊಡ್ತೀನಿ’ ಅನ್ನೋ ಫೋನಿಗಂತೂ ಮರುಳಾಗಲೇಬೇಡಿ. ಕಾರು ಕಣ್ಣಿಂದ ಕಾಣದೆ ಒಂದು ರೂಪಾಯಿಯೂ ಬೇಡ.

ನೆನಪಿಡಿ

* ಎರಡೂ ಕೀ, ಆರ್‌ಸಿ, ವಿಮೆ, ಎಮಿಷನ್ ಸರ್ಟಿಫಿಕೇಟ್, ಸರ್ವಿಸ್ ಬಿಲ್ ಕೇಳಿ ಪಡೆಯಿರಿ.

* ಚಾಸಿ ನಂಬರ್ ಮತ್ತು ಎಂಜಿನ್ ನಂಬರ್ ಆರ್‌ಸಿ ಜತೆ ತಾಳೆಯಾಗಬೇಕು.

* ಮಾರುವವರ ಗುರುತಿನ ಚೀಟಿಯ ಪ್ರತಿ ಇಟ್ಟುಕೊಳ್ಳಿ.

* ಕಾರು ಕೈಗೆ ಬಂದ ದಿನಾಂಕದ ಜತೆ ಗಂಟೆಯನ್ನೂ ಬರೆದು ಇಬ್ಬರೂ ಸಹಿ ಹಾಕಿ.

* ಹಳೆಯವರ ಫಾಸ್ಟ್ಯಾಗ್ ರದ್ದು ಮಾಡಿಸಿ, ನಿಮ್ಮದು ಹಾಕಿಸಿ.

‘ಇವತ್ತು ತಗೊಳ್ಳದಿದ್ರೆ ಸಂಜೆ ಬೇರೆಯವರು ಒಯ್ತಾರೆ’ ಅಂತ ಅವಸರ ಮಾಡಿದರೆ ಒಯ್ಯಲಿ ಬಿಡಿ. ಊರಲ್ಲಿ ಕಾರಿಗೇನು ಬರವೇ? ಎಂಟು ದಿನ ತಡವಾದರೂ ಪರವಾಗಿಲ್ಲ, ಕಾಗದ ಸರಿಯಿದ್ದು ಎಂಜಿನ್ ಗಟ್ಟಿಯಿರುವ ಕಾರೇ ಮನೆ ಮುಂದೆ ಬಂದು ನಿಲ್ಲಲಿ. ಹಾಂ, ಆರ್‌ಸಿಯಲ್ಲಿ ಯಾರ ಹೆಸರು ಅಂತ ಯಜಮಾನರು ಕೇಳಿದಾಗ ಸಂಕೋಚಪಡಬೇಡಿ, ನಿಮ್ಮ ಹೆಸರೇ ಹೇಳಿ!