ರಕ್ತ ಹೆಪ್ಪುಗಟ್ಟೀತೇ? 20 ನಿಮಿಷ ಕಾಯಬೇಕು

ಗಂಗಾವತಿ ಕಡೆ ಹಾವು ಕಚ್ಚಿದವರನ್ನು ಆಸ್ಪತ್ರೆಗೆ ತಂದಾಗ ಮನೆಯವರು ಮೊದಲು ತೋರಿಸುವುದು ಹಲ್ಲಿನ ಗುರುತನ್ನು. ವೈದ್ಯರಿಗೆ ಅದಕ್ಕಿಂತ ಮುಖ್ಯವಾದದ್ದು ಬೇರೆ ಇದೆ: ಈ ರಕ್ತ ಹೆಪ್ಪುಗಟ್ಟುತ್ತದೆಯೇ?

ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿದಲ್ಲೆಲ್ಲ ಭತ್ತ. ಭತ್ತವಿದ್ದಲ್ಲಿ ಇಲಿ, ಇಲಿಯ ಹಿಂದೆ ಕೊಳಕುಮಂಡಲ ಹಾವು. ಕುಷ್ಟಗಿ, ಯಲಬುರ್ಗಾದ ಒಣಭೂಮಿ, ಕಲ್ಲುಬದು ಗರಗಸ ಮಂಡಲಕ್ಕೆ ಒಗ್ಗುವಂಥವು. ಎರಡರ ವಿಷವೂ ರಕ್ತದ ಮೇಲೇ ಎರಗುತ್ತದೆ. ಕೊಳಕುಮಂಡಲದ ವಿಷ ಹೆಪ್ಪುಗಟ್ಟಿಸುವ ಫ್ಯಾಕ್ಟರ್ 5 ಮತ್ತು 10ನ್ನು ಕೆರಳಿಸುತ್ತದೆ. ರಕ್ತನಾಳಗಳೊಳಗೆ ಸಣ್ಣ ಹೆಪ್ಪುಗಳು ಹುಟ್ಟುತ್ತ, ಕರಗುತ್ತ ಹೋಗಿ ಹೆಪ್ಪಿಗೆ ಬೇಕಾದ ಫೈಬ್ರಿನೋಜನ್ ದಾಸ್ತಾನೇ ಬರಿದಾಗುತ್ತದೆ. ಆಮೇಲೆ ವಸಡಿನಲ್ಲಿ ರಕ್ತ, ಮೂತ್ರದಲ್ಲಿ ರಕ್ತ. ಸೂಜಿ ಚುಚ್ಚಿದ ಜಾಗದಲ್ಲೂ ನಿಲ್ಲದ ರಕ್ತ.

ಇದನ್ನು ಪತ್ತೆಹಚ್ಚಲು ದೊಡ್ಡ ಯಂತ್ರ ಬೇಡ. ಒಣಗಿದ, ಶುಭ್ರವಾದ ಗಾಜಿನ ನಳಿಕೆಗೆ 2 ಮಿಲಿಲೀಟರ್ ರಕ್ತ ಹಾಕಿ, 20 ನಿಮಿಷ ಅಲುಗಿಸದೆ ಇಟ್ಟು, ಒಮ್ಮೆ ಓರೆ ಮಾಡಿ ನೋಡಬೇಕು. ರಕ್ತ ಇನ್ನೂ ನೀರಿನಂತೆ ಹರಿದರೆ ವಿಷ ಏರಿದೆಯೆಂದೇ ಅರ್ಥ. ಪ್ರತಿವಿಷದ ಇಂಜೆಕ್ಷನ್ ತಡಮಾಡುವಂತಿಲ್ಲ. ಪ್ಲಾಸ್ಟಿಕ್ ನಳಿಕೆ ಇಲ್ಲಿ ನಡೆಯದು, ಏಕೆಂದರೆ ಹೆಪ್ಪುಗಟ್ಟುವ ಕ್ರಿಯೆಗೆ ಚಾಲನೆ ಕೊಡುವುದೇ ಗಾಜಿನ ಮೈ. ಸೋಪಿನಲ್ಲಿ ತೊಳೆದ ನಳಿಕೆಯೂ ತಪ್ಪು ಉತ್ತರ ಕೊಡುತ್ತದೆ. ಪ್ರತಿವಿಷ ಕೊಟ್ಟ ಮೇಲೆ 6 ಗಂಟೆಗೊಮ್ಮೆ ಪರೀಕ್ಷೆ ಮತ್ತೆ ಆಗಬೇಕು. ಖರ್ಚಾದ ಫ್ಯಾಕ್ಟರ್‌ಗಳನ್ನು ಯಕೃತ್ತು ಹೊಸದಾಗಿ ತಯಾರಿಸಲು ಅಷ್ಟು ಹೊತ್ತು ಬೇಕು. ಇಷ್ಟು ಅಗ್ಗದ ಪರೀಕ್ಷೆ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ, ನಡುರಾತ್ರಿಯಲ್ಲೂ ಸಿಗಲೇಬೇಕು.

ಬ್ಲೇಡಿನಿಂದ ಕೊಯ್ದು ವಿಷ ತೆಗೆಯುವ ಹಳೆಯ ರೂಢಿ ಏಕೆ ಜೀವಕ್ಕೇ ಎರವಾಗುತ್ತದೆ ಎಂಬುದು ಇದರಿಂದಲೇ ತಿಳಿಯುತ್ತದೆ. ಹೆಪ್ಪುಗಟ್ಟದ ರಕ್ತಕ್ಕೆ ನಾವೇ ಇನ್ನೊಂದು ಬಾಗಿಲು ತೆರೆದಂತೆ ಅದು. ಕಚ್ಚಿದ ಕಾಲಿಗೆ ಹಗ್ಗ ಬಿಗಿದರೆ ಅದಕ್ಕೆ ರಕ್ತವೇ ಹೋಗದೆ ಮಾಂಸ ಕೊಳೆಯಬಹುದು. ಕಾಲನ್ನು ಅಲುಗಿಸದೆ, ನಡೆಸದೆ, ಆಸ್ಪತ್ರೆಗೆ ಒಯ್ಯುವುದೊಂದೇ ದಾರಿ.

ಮೂತ್ರಪಿಂಡಕ್ಕೆ ಬೀಳುವ ಪೆಟ್ಟು ಇನ್ನೂ ಘೋರ. ಅದರ ತುಣುಕನ್ನು ಸೂಕ್ಷ್ಮದರ್ಶಕದಡಿ ಇಟ್ಟಾಗ ಕೆಲವರಲ್ಲಿ ಸೋಸುವ ಪುಟ್ಟ ರಕ್ತನಾಳಗಳಲ್ಲಿ ಫೈಬ್ರಿನ್ ಹೆಪ್ಪು ಕಾಣುತ್ತದೆ, ಪಕ್ಕದ ನಾಳಿಕೆಗಳ ಜೀವಕೋಶಗಳು ಸತ್ತಿರುತ್ತವೆ. ಒಂದೇ ದೇಹ, ಒಂದು ಕಡೆ ನಿಲ್ಲದ ಸ್ರಾವ, ಇನ್ನೊಂದು ಕಡೆ ಕಟ್ಟಿಕೊಂಡ ಹರಿವು. ಮೂತ್ರ ಕಡಿಮೆಯಾದರೆ ಡಯಾಲಿಸಿಸ್ ಇರುವಲ್ಲಿಗೆ ಕೂಡಲೇ ಸಾಗಿಸಬೇಕು.

ಕೊಳಕುಮಂಡಲದ ಇದೇ ವಿಷವನ್ನು 1934ರಲ್ಲಿ ಮ್ಯಾಕ್‌ಫರ್ಲೇನ್ ಮತ್ತು ಬಾರ್ನೆಟ್ ಎಂಬ ಸಂಶೋಧಕರು ಹಿಮೋಫಿಲಿಯಾ ರೋಗಿಗಳ ಗಾಯಕ್ಕೆ ಹಚ್ಚಿ ರಕ್ತ ನಿಲ್ಲಿಸಲು ಬಳಸಿದರು. ಅತಿಯಾಗಿ ಹೆಪ್ಪುಗಟ್ಟುವ ಒಂದು ಕಾಯಿಲೆಯನ್ನು ಗುರುತಿಸಲು ಪ್ರಯೋಗಾಲಯಗಳು ಇಂದಿಗೂ ಅದರ ಮೊರೆಹೋಗುತ್ತವೆ.

2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆಯಾಗಿಸಿತು. ಖಾಸಗಿ ಆಸ್ಪತ್ರೆಗಳೂ ಈಗ ಲೆಕ್ಕ ಕೊಡಬೇಕು. ಆದರೆ ಗುಣವಾಗಿ ಮನೆಗೆ ಹೋದವರ ಕತೆ ಲೆಕ್ಕಕ್ಕೆ ಬರುವುದು ಕಷ್ಟ. ಕೆಲವರಲ್ಲಿ ಮೆದುಳಿನಡಿಯ ಪಿಟ್ಯುಟರಿ ಗ್ರಂಥಿಗೂ ಏಟು ಬಿದ್ದಿರುತ್ತದೆ. ತಿಂಗಳುಗಳ, ವರ್ಷಗಳ ನಂತರ ತೀರದ ಸುಸ್ತು ಶುರುವಾಗುತ್ತದೆ, ಹೆಂಗಸರಲ್ಲಿ ಮುಟ್ಟು ನಿಲ್ಲುತ್ತದೆ. ಅಂಥವರು ಹಿಂದೆ ಮಂಡಲದ ಹಾವು ಕಚ್ಚಿತ್ತೆಂದು ವೈದ್ಯರು ಕೇಳದಿದ್ದರೂ ಹೇಳಬೇಕು. ಹಾರ್ಮೋನ್ ಮಾತ್ರೆಗಳಿಂದ ಅದಕ್ಕೆ ಚಿಕಿತ್ಸೆ ಇದೆ.